‘ಎಂದು ನಂಬುವುದು’ ಮತ್ತು ‘ನಂಬಿ ಬರುವುದು’

ಪ್ರಶ್ನೆ: ಯೇಸು ಶಿಲುಬೆಯ ಮೇಲೆ ಸತ್ತು ಮೂರನೆಯ ದಿನ ಎದ್ದನೆಂಬುದರಲ್ಲಿ ನನಗೆ ಸಂಶಯವಿಲ್ಲ. ವಿಶ್ವಾಸಪ್ರಮಾಣವನ್ನು, ಅಂದರೆ ಕ್ರೈಸ್ತ ನಂಬಿಕೆಯ ಸಾರವನ್ನು ಹೇಳುವ ಪಾಠವನ್ನು, ಪ್ರತಿ ಭಾನುವಾರ ಹೇಳುತ್ತೇನೆ. ಆದರೂ ಎಲ್ಲ ತಲೆಯಲ್ಲೇ ಉಳಿದಿದೆ ಅನ್ನಿಸುತ್ತದೆ. ಇದು ನಂಬಿಕೆಯಲ್ಲವೇ?

ಉತ್ತರ: ನಿಮ್ಮಲ್ಲಿರುವುದನ್ನು ಕಡೆಗಣಿಸಬೇಡಿ, ಅದಿಲ್ಲದೆ ಮುಂದಿನದು ಹುಟ್ಟದು. ಆದರೆ ಅದಷ್ಟೇ ನಂಬಿಕೆಯಲ್ಲ. ‘ಅವರು ಒಳ್ಳೆಯ ವೈದ್ಯರು ಎಂದು ನಂಬಿದ್ದೇನೆ’ ಅನ್ನುವವನಿಗೆ ಕಾಯಿಲೆಯೇ ಇರಬೇಕಾಗಿಲ್ಲ. ‘ನಿಮ್ಮನ್ನೇ ನಂಬಿ ಬಂದಿದ್ದೇನೆ’ ಅನ್ನುವವನು ಬೇರೆ ಬಾಗಿಲುಗಳನ್ನೆಲ್ಲ ಬಿಟ್ಟು ಬಂದಿರುತ್ತಾನೆ. ಸುವಾರ್ತೆ, ಅಂದರೆ ಯೇಸುವಿನ ಶುಭಸಂದೇಶ, ನಮ್ಮಿಂದ ಕೇಳುವುದು ಈ ಎರಡನೆಯ ನಂಬಿಕೆಯನ್ನು.

ಪ್ರೊಟೆಸ್ಟೆಂಟ್ ದೇವಶಾಸ್ತ್ರಜ್ಞರು ಇದನ್ನು ಮೂರಾಗಿ ಬಿಡಿಸಿದರು: ಅರಿವು, ಒಪ್ಪಿಗೆ, ಭರವಸೆ. ಕ್ರೈಸ್ತ ಬೋಧನೆಯನ್ನು ಪ್ರಶ್ನೆ-ಉತ್ತರಗಳಲ್ಲಿ ಕಲಿಸುವ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿಯ 21ನೆಯ ಪ್ರಶ್ನೆ ‘ನಿಜವಾದ ನಂಬಿಕೆ ಯಾವುದು’ ಎಂಬುದೇ. ನಿಶ್ಚಿತವಾದ ತಿಳಿವಳಿಕೆಯ ಜೊತೆಗೆ ಹೃದಯದ ಭರವಸೆಯೂ ಬೇಕು, ಪಾಪಕ್ಷಮೆ ಇತರರಿಗೆ ಮಾತ್ರವಲ್ಲ, ‘ನನಗೂ’ ಸಿಕ್ಕಿದೆ ಎಂಬ ಭರವಸೆ ಬೇಕು ಎಂದು ಅದರ ಉತ್ತರ.

ಯಾಕೋಬನ ಪತ್ರಿಕೆಯ 2:19 ಅನ್ನು ನಿಧಾನವಾಗಿ ಓದಿ. ದೇವರು ಒಬ್ಬನೇ ಎಂದು ದೆವ್ವಗಳೂ ನಂಬುತ್ತವೆ, ನಡುಗುತ್ತವೆ. ಅವುಗಳಿಗೆ ಅರಿವಿದೆ, ಒಪ್ಪಿಗೆಯಿದೆ, ನಡುಕವೂ ಇದೆ. ಹಾಗಾಗಿ ‘ತಲೆಯಲ್ಲಿದೆ, ಹೃದಯಕ್ಕಿಳಿದಿಲ್ಲ’ ಎಂದಾಗ ನಮಗೆ ಕೊರತೆಯಾಗಿರುವುದು ಭಾವಾವೇಶ ಎಂದುಕೊಳ್ಳಬಾರದು. ಆರಾಧನೆಯಲ್ಲಿ ಕಣ್ಣೀರು ಬಂದವರೂ ದೆವ್ವಗಳ ಮಟ್ಟದಲ್ಲೇ ನಿಂತಿರಬಹುದು. ಇಲ್ಲದಿರುವುದು ತನ್ನನ್ನು ಒಪ್ಪಿಸಿಕೊಡುವ ಮನಸ್ಸು.

ಯೋಹಾನನ ಸುವಾರ್ತೆಯ 2:23-24ರಲ್ಲಿ ಸೂಚಕಕಾರ್ಯಗಳನ್ನು (ಅದ್ಭುತಗಳನ್ನು) ಕಂಡು ಅನೇಕರು ಯೇಸುವಿನ ಹೆಸರಿನಲ್ಲಿ ನಂಬಿಕೆಯಿಟ್ಟರು. ಆತನಾದರೋ ತನ್ನನ್ನು ಅವರಿಗೆ ಒಪ್ಪಿಸಿಕೊಡಲಿಲ್ಲ. ಗ್ರೀಕ್ ಮೂಲದಲ್ಲಿ ‘ನಂಬಿಕೆಯಿಟ್ಟರು’, ‘ಒಪ್ಪಿಸಿಕೊಡಲಿಲ್ಲ’ ಎಂಬ ಎರಡು ಕಡೆಯೂ ಒಂದೇ ಕ್ರಿಯಾಪದವಿದೆ. ಅನುವಾದದಲ್ಲಿ ಇದು ಕಾಣದೆ ಹೋಗುತ್ತದೆ. ಅದೇ ಸುವಾರ್ತೆಯ 12:42-43ರಲ್ಲಿ ಅಧಿಕಾರಿಗಳಲ್ಲೂ ಅನೇಕರು ನಂಬಿದರು, ಆದರೆ ಯೆಹೂದ್ಯರ ಸಭಾಮಂದಿರದಿಂದ ಹೊರಗೆ ಹಾಕಿಸಿಕೊಳ್ಳುವ ಭಯಕ್ಕೆ ಬಾಯಿಬಿಡಲಿಲ್ಲ. ನಂಬಿಕೆ ಎಲ್ಲಿ ತಡೆದು ನಿಲ್ಲುತ್ತದೆ ಎನ್ನುವುದಕ್ಕೆ ಇಷ್ಟು ಸ್ಪಷ್ಟವಾದ ಚಿತ್ರ ಬೇರೊಂದಿಲ್ಲ ಅನ್ನಿಸುತ್ತದೆ.

ಪ್ರಶ್ನೆ: ಹಾಗಾದರೆ ನಾನು ಮಾಡಬೇಕಾದ್ದೇನು?

ಉತ್ತರ: ಮೊದಲು ಓದು. ಮಾರ್ಕನ ಸುವಾರ್ತೆಗೆ 16 ಅಧ್ಯಾಯಗಳು, ದಿನಕ್ಕೊಂದು ಸಾಕು. ಪ್ರತಿ ಅಧ್ಯಾಯದಲ್ಲಿ ಯಾರು ಯೇಸುವಿನ ಹತ್ತಿರ ಬಂದರು, ಏನು ಕೇಳಿದರು, ಏನು ಬಿಟ್ಟರು ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳಿ. 10ನೆಯ ಅಧ್ಯಾಯದಲ್ಲಿ ಆಸ್ತಿವಂತನೊಬ್ಬ ದುಃಖದಿಂದ ಹಿಂದಿರುಗುತ್ತಾನೆ, ಕುರುಡ ಬಾರ್ತಿಮಾಯ ಹೊದಿಕೆ ಬಿಸಾಡಿ ಎದ್ದು ಬರುತ್ತಾನೆ. ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಆಮೇಲೆ, ವಿಶ್ವಾಸಪ್ರಮಾಣದ ಒಂದೊಂದು ವಾಕ್ಯವನ್ನು ಪ್ರಾರ್ಥನೆಯಾಗಿ ತಿರುಗಿಸಿ. ‘ಆತನು ಶಿಲುಬೆಗೆ ಹಾಕಲ್ಪಟ್ಟನು’ ಎಂಬುದು ‘ನೀನು ನನಗೋಸ್ಕರ ಶಿಲುಬೆಗೇರಿದೆ’ ಆಗಲಿ. ಅಪೊಸ್ತಲ ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯ 2:20ರ ‘ನನಗೋಸ್ಕರ’ ಎಂಬ ಒಂದೇ ಪದದ ಮೇಲೆ ಪ್ರೊಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್ ಅಷ್ಟು ಒತ್ತು ಕೊಟ್ಟದ್ದು ಸುಮ್ಮನೆ ಅಲ್ಲ. ಕ್ರಿಸ್ತನ ಬಗ್ಗೆ ಮಾತಾಡುವುದು ನಿಂತು ಕ್ರಿಸ್ತನೊಡನೆ ಮಾತು ಶುರುವಾಗುವುದು ಅಲ್ಲಿಂದ.

ಇನ್ನು, ಕೈಬಿಡಲು ಹೆದರುತ್ತಿರುವ ಒಂದು ಸಂಗತಿಯನ್ನು ಹೆಸರಿಟ್ಟು ಹೇಳಿ. ‘ನಾನು ಪಾಪಿ’ ಎಂಬ ಒಟ್ಟಾರೆ ಮಾತಿನ ಹಿಂದೆ ಅವಿತುಕೊಳ್ಳುವುದು ಸುಲಭ. ಮುಚ್ಚಿಟ್ಟ ಸುಳ್ಳು, ಹಿಂದಿರುಗಿಸದ ಹಣ, ಕ್ಷಮಿಸದ ವ್ಯಕ್ತಿ, ಇಂಥದ್ದೊಂದು ಬೇಕು. ಯೇಸುವನ್ನು ಭೇಟಿಯಾದ ಸುಂಕ ವಸೂಲಿಗಾರ ಜಕ್ಕಾಯ ಲೆಕ್ಕ ಹಾಕಿ ಹೇಳಿದ: ಆಸ್ತಿಯ ಅರ್ಧ ಬಡವರಿಗೆ, ಅನ್ಯಾಯವಾಗಿ ಪಡೆದದ್ದಕ್ಕೆ ನಾಲ್ಕರಷ್ಟು (ಲೂಕ 19:8).

ಇಲ್ಲೇ ಅನೇಕರು ಎಡವುತ್ತಾರೆ. ಇವನ್ನೆಲ್ಲ ಮಾಡಿದರೆ ದೇವರು ಒಪ್ಪುತ್ತಾನೆ ಎಂದುಕೊಂಡರೆ ಭರವಸೆ ಮತ್ತೆ ನಮ್ಮ ಮೇಲೆಯೇ ಬರುತ್ತದೆ. ಜಕ್ಕಾಯ ಕೊಡುವ ಮಾತಾಡುವ ಮೊದಲೇ ಯೇಸು ಅವನನ್ನು ಹೆಸರು ಹಿಡಿದು ಕರೆದಾಗಿತ್ತು. ಇನ್ನು ಕೆಲವರು ದಿನವೂ ‘ನನ್ನ ನಂಬಿಕೆ ಎಷ್ಟಿದೆ’ ಎಂದು ಅಳೆಯುತ್ತಾ ಕೂರುತ್ತಾರೆ. ಆಗ ಅವರು ನೆಚ್ಚುವುದು ತಮ್ಮ ನಂಬಿಕೆಯನ್ನು, ಕ್ರಿಸ್ತನನ್ನಲ್ಲ.

ಪ್ರಶ್ನೆ: ಪೌಲನು ನಂಬಿಕೆ ಸಾಕು ಎನ್ನುತ್ತಾನೆ, ಯಾಕೋಬನು ಕ್ರಿಯೆ ಬೇಕು ಎನ್ನುತ್ತಾನೆ. ಯಾರು ಸರಿ?

ಉತ್ತರ: ಇಬ್ಬರೂ. ಪೌಲನು ಕ್ರಿಯೆಯನ್ನು ರಕ್ಷಣೆಯ ಬೆಲೆಯಾಗಿ ಕೊಡುವವರಿಗೆ ಬರೆದ, ಯಾಕೋಬನು ಬರೀ ಒಪ್ಪಿಗೆಯನ್ನೇ ನಂಬಿಕೆ ಎನ್ನುವವರಿಗೆ. ‘ಪ್ರೀತಿಯ ಮೂಲಕ ಕೆಲಸಮಾಡುವ ನಂಬಿಕೆ’ ಎಂಬುದು ಪೌಲನದೇ ಮಾತು (ಗಲಾತ್ಯ 5:6).

ಪ್ರಶ್ನೆ: ಸಂದೇಹ ಬಂದರೆ ನಂಬಿಕೆ ಸುಳ್ಳೇ?

ಉತ್ತರ: ಅಲ್ಲ. ಸಂದೇಹವನ್ನು ಎಲ್ಲಿಗೆ ಒಯ್ಯುತ್ತೀರಿ ಎಂಬುದನ್ನು ನೋಡಿ. ಮಾರ್ಕ 9:24ರಲ್ಲಿ ಮಗನನ್ನು ಗುಣಪಡಿಸೆಂದು ಯೇಸುವಿನ ಬಳಿ ಬಂದ ತಂದೆ ‘ನಂಬುತ್ತೇನೆ’ ಎಂದವನೇ, ಅದೇ ಉಸಿರಿನಲ್ಲಿ ತನ್ನ ಅಪನಂಬಿಕೆಗೆ ಸಹಾಯ ಬೇಡಿದ. ಯೇಸು ಅವನನ್ನು ಮೊದಲು ಸಂದೇಹ ಕಳೆದುಕೊಂಡು ಬಾ ಎಂದು ಕಳುಹಿಸಲಿಲ್ಲ; ಅಲ್ಲೇ ಅವನ ಮಗನನ್ನು ಗುಣಪಡಿಸಿದನು.