ಕಾರ್ಬೊರೇಟರಿನಲ್ಲಿ ಠುಸ್, ಸೈಲೆನ್ಸರಿನಲ್ಲಿ ಢಂ: ಹಳೆಯ ಪೆಟ್ರೋಲ್ ಪಿಕಪ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ತೋಟದ ಕೆಲಸಕ್ಕೆ ಹಳೆಯ ಪೆಟ್ರೋಲ್ ಜೀಪ್ ಪಿಕಪ್ ಇಟ್ಟುಕೊಂಡಿದ್ದೇವೆ. ನಾಲ್ಕು ಸಿಲಿಂಡರಿನ ಹರಿಕೇನ್ ಎಂಜಿನ್. ಲೋಡ್ ಹಾಕಿ ಏರು ಹತ್ತಿಸಿದರೆ ಮಿಸ್ಸಿಂಗ್ ಆಗುತ್ತದೆ (ಸಿಲಿಂಡರ್ ಆಗಾಗ ಉರಿಯದೆ ಎಂಜಿನ್ ತಡವರಿಸುತ್ತದೆ), ಕಾರ್ಬೊರೇಟರ್ ಠುಸ್ ಎಂದು ಬೆಂಕಿ ಉಗುಳುತ್ತದೆ, ಸೈಲೆನ್ಸರಿನಲ್ಲೂ ಸಿಡಿಯುತ್ತದೆ. ಕಾರ್ಬೊರೇಟರ್ ಎರಡು ಸಲ ಬಿಚ್ಚಿ ತೊಳೆಸಿದರೂ ಗುಣವಿಲ್ಲ.
– ಓದುಗರು, ಮೂಡಿಗೆರೆ

ಉತ್ತರ: ಸದ್ಯಕ್ಕೆ ಕಾರ್ಬೊರೇಟರಿಗೆ ಕೈ ಹಚ್ಚಬೇಡಿ. ಗಾಳಿ-ಪೆಟ್ರೋಲ್ ಒಳಬಿಡುವ ಇನ್ಲೆಟ್ ವಾಲ್ವ್ ತೆರೆದಿರುವಾಗ ಒಳಗೆ ಬೆಂಕಿ ಹತ್ತಿದರೆ ಅದು ಕಾರ್ಬೊರೇಟರಿಗೆ ಒದೆಯುತ್ತದೆ. ಉರಿಯದೆ ಹೊರಬಿದ್ದ ಪೆಟ್ರೋಲ್ ಆವಿ ಬಿಸಿ ಪೈಪಿನಲ್ಲಿ ಹೊತ್ತಿಕೊಂಡರೆ ಸೈಲೆನ್ಸರ್ ಸಿಡಿಯುತ್ತದೆ. ಎರಡೂ ಒಟ್ಟಿಗೆ, ಅದೂ ಲೋಡಿನಲ್ಲಿ ಆಗುತ್ತಿದ್ದರೆ ಮೊದಲ ಅನುಮಾನ ಕರೆಂಟಿನ ಮೇಲೆ, ಅಂದರೆ ಪ್ಲಗ್ಗುಗಳಿಗೆ ಸರದಿಯಂತೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರಿನ ಮೇಲೆ.

ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್ ಸ್ವಲ್ಪ ಏರಿಸಿ, ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ಎಂಜಿನ್ನಿನ ಲೋಹಕ್ಕೆ ತಾಗಿಸಿ ಅರ್ತ್ ಕೊಡಿ. ಯಾವುದನ್ನು ಕಿತ್ತಾಗ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಅದರ ಪ್ಲಗ್ಗನ್ನು ಪಕ್ಕದ್ದಕ್ಕೆ ಹಾಕಿ ನೋಡಿ. ಮಿಸ್ಸಿಂಗ್ ಪ್ಲಗ್ಗಿನ ಜೊತೆಗೇ ಹೋದರೆ ಪ್ಲಗ್ ಬದಲಿಸಿ, ಗ್ಯಾಪ್ 0.75 ಮಿ.ಮೀ. ಇಡಿ.

ಬಳಿಕ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಬೆಳಕಿಗೆ ಹಿಡಿಯಿರಿ. ಒಳಗೆ ಪೆನ್ಸಿಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಒಂದು ಕಂಬದಿಂದ ಇನ್ನೊಂದಕ್ಕೆ ಹರಿದಿದ್ದರೆ ಸ್ಪಾರ್ಕ್ ಆ ದಾರಿ ಹಿಡಿದಿದೆ ಎಂದರ್ಥ. ಅಂಥ ಕ್ಯಾಪನ್ನು ಕೆರೆದು ಉಳಿಸಿಕೊಳ್ಳಲು ಹೋಗಬೇಡಿ, ಹೊಸದು ಹಾಕಿ. ಮಲೆನಾಡಿನ ಮಳೆಯಲ್ಲಿ ತೇವ ಕೂತರೆ ಈ ಗೆರೆ ಇನ್ನೂ ಬೇಗ ಬೀಳುತ್ತದೆ.

ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2. ಇಲ್ಲಿ ಬಹಳ ಮಂದಿ ಗಮನಿಸದ ಒಂದು ವಿಷಯವಿದೆ. ಮೂರನೆಯದರ ಬೆನ್ನಿಗೇ ನಾಲ್ಕು ಉರಿಯಬೇಕು, ಎಂಜಿನ್ನಿನಲ್ಲಿ ಅವೆರಡೂ ಅಕ್ಕಪಕ್ಕ. ಹಳೆಯ ವೈರುಗಳನ್ನು ನೀಟಾಗಿ ಕಾಣಲೆಂದು ಒಟ್ಟಿಗೆ ಕಟ್ಟಿದ್ದರೆ ಮೂರರ ಸ್ಪಾರ್ಕ್ ನಾಲ್ಕಕ್ಕೆ ಹಾರಬಹುದು. ಆ ಹೊತ್ತಿಗೆ ನಾಲ್ಕರ ಇನ್ಲೆಟ್ ವಾಲ್ವ್ ಇನ್ನೂ ಮುಚ್ಚಿರುವುದಿಲ್ಲ, ಬೆಂಕಿ ನೇರ ಕಾರ್ಬೊರೇಟರಿಗೆ ಬರುತ್ತದೆ. ಎರಡು ಮತ್ತು ಒಂದರ ಕಥೆಯೂ ಅದೇ. ಕಟ್ಟು ಬಿಚ್ಚಿ, ವೈರುಗಳನ್ನು ಬೆರಳಗಲ ದೂರ ಇಡಿ. ರಾತ್ರಿ ಲೈಟ್ ಆರಿಸಿ ಬಾನೆಟ್ ಎತ್ತಿ ನೋಡಿದರೆ ಸೋರುವ ಸ್ಪಾರ್ಕ್ ನೀಲಿಯಾಗಿ ಕಾಣುತ್ತದೆ.

ಕರೆಂಟ್ ಕಡಿದು ಸ್ಪಾರ್ಕ್ ಹುಟ್ಟಿಸುವ ಪಾಯಿಂಟಿನ ಗ್ಯಾಪ್ ನಿಮ್ಮಲ್ಲಿರುವ ಡಿಸ್ಟ್ರಿಬ್ಯೂಟರನ್ನು ಅವಲಂಬಿಸಿದೆ: ಮೂಲದ ಆಟೋಲೈಟ್ ಕಂಪನಿಯದಾದರೆ 0.50 ಮಿ.ಮೀ., ಲೂಕಾಸ್ ಕಂಪನಿಯದು ಕೂರಿಸಿದ್ದರೆ 0.35ರಿಂದ 0.40. ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಎದುರಿಗೆ ಮೊನೆ ಎದ್ದಿದ್ದರೆ ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಕೂಡ ಬದಲಿಸಿ. ಬಿಸಿಯಾದಾಗ ಮಾತ್ರ ಮಿಸ್ಸಿಂಗ್ ಎಂದರೂ ಅದರ ಮೇಲೇ ಸಂಶಯ ಪಡಬೇಕು. ಕ್ಯಾಪಿನ ಕೆಳಗೆ ತಿರುಗುವ ರೋಟರ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ ನೋಡಿ. ಆಟ ಕಂಡರೆ ಶಾಫ್ಟಿನ ಬುಷ್ ಸವೆದಿದೆ. ಅದನ್ನು ಸರಿಪಡಿಸದೆ ಎಷ್ಟು ಸಲ ಗ್ಯಾಪ್ ಹೊಂದಿಸಿದರೂ ನಿಲ್ಲದು.

ಟೈಮಿಂಗ್, ಅಂದರೆ ಸ್ಪಾರ್ಕ್ ಬೀಳುವ ಹೊತ್ತು, ಟಿಡಿಸಿಗೆ (ಪಿಸ್ಟನ್ ತೀರಾ ಮೇಲೆ ಬರುವ ಜಾಗ) 5 ಡಿಗ್ರಿ ಮುಂಚೆ ಇರಬೇಕು. ಇಷ್ಟೆಲ್ಲ ಸರಿಯಿದ್ದೂ ಒಂದೇ ಸಿಲಿಂಡರ್ ಸತ್ತಿದ್ದರೆ ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವಿಗೂ ಅದನ್ನು ತಳ್ಳುವ ಭಾಗಕ್ಕೂ ನಡುವಿನ ಸಂದು, ನೋಡಿ. ಎಂಜಿನ್ ತಣ್ಣಗಿರುವಾಗ ಇನ್ಲೆಟ್ 0.018 ಇಂಚು, ಎಕ್ಸಾಸ್ಟ್ 0.016. ಇನ್ಲೆಟ್ ವಾಲ್ವ್ ಹೆಡ್ಡಿನಲ್ಲಿದೆ, ಎಕ್ಸಾಸ್ಟ್ ಬ್ಲಾಕಿನ ಪಕ್ಕದಲ್ಲಿ. ಸೈಡ್ ಕವರ್ ಬಿಚ್ಚುವ ಸೋಮಾರಿತನಕ್ಕೆ ಎಕ್ಸಾಸ್ಟನ್ನು ಬಿಟ್ಟುಬಿಡುವವರಿದ್ದಾರೆ. ಗ್ಯಾಪ್ ಬಿಗಿಯಾದ ಎಕ್ಸಾಸ್ಟ್ ವಾಲ್ವ್ ಪೂರ್ತಿ ಕೂರದೆ ಸುಟ್ಟುಹೋಗುತ್ತದೆ. ಆಮೇಲೆ ಹೆಡ್ ಇಳಿಸದೆ ಗತಿಯಿಲ್ಲ.

ಪ್ರಶ್ನೆ: ಏರಿನಲ್ಲಿ ಗಾಡಿ ಚೆನ್ನಾಗಿ ಎಳೆಯುತ್ತದೆ. ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಮಾತ್ರ ಸೈಲೆನ್ಸರಿನಲ್ಲಿ ಪಟಪಟ. ಇದೂ ಅದೇ ಎಂಜಿನ್.
– ಓದುಗರು, ಸಕಲೇಶಪುರ

ಉತ್ತರ: ಇದಕ್ಕೆ ಹೆಚ್ಚಾಗಿ ಕಾರಣ ಎಕ್ಸಾಸ್ಟಿಗೆ ಹೊರಗಿನ ಗಾಳಿ ಸೇರುವುದು. ಮ್ಯಾನಿಫೋಲ್ಡಿಗೆ ಪೈಪ್ ಸೇರುವ ಗ್ಯಾಸ್ಕೆಟ್ ಸುತ್ತ ಕಪ್ಪು ಮಸಿ ಇದೆಯೇ ನೋಡಿ. ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ, ಪೈಪ್ ಕಾಯುವ ಮೊದಲು, ಸೈಲೆನ್ಸರ್ ಬಾಯಿಗೆ ದಪ್ಪ ಬಟ್ಟೆ ಒತ್ತಿದರೆ ಸೋರುವ ಜಾಗದಿಂದ ಬುಸ್ ಎನ್ನುವುದು ಕೇಳಿಸುತ್ತದೆ. ಶೆಡ್ಡಿನೊಳಗೆ ಬೇಡ, ಬಯಲಿನಲ್ಲಿ ಮಾಡಿ.

ಆ ಗ್ಯಾಸ್ಕೆಟ್ ಸರಿಯಿದ್ದರೆ ಐಡ್ಲಿಂಗ್ ಮಿಕ್ಸ್‌ಚರ್ ತೀರಾ ತೆಳುವಾಗಿರಬಹುದು, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಹರಿಕೇನಿನಲ್ಲಿ ಇನ್ಲೆಟ್ ಮ್ಯಾನಿಫೋಲ್ಡ್ ಹೆಡ್ಡಿನೊಳಗೇ ಎರಕವಾಗಿರುವುದರಿಂದ ಗಾಳಿ ಕದಿಯುವ ಜಾಗಗಳು ಕಡಿಮೆ: ಕಾರ್ಬೊರೇಟರಿನ ಬುಡದ ಗ್ಯಾಸ್ಕೆಟ್, ಬ್ರೀದರ್ ಪೈಪ್, ವೈಪರಿಗೆ ಹೋಗುವ ವ್ಯಾಕ್ಯೂಮ್ ಟ್ಯೂಬ್. ಟ್ಯೂಬುಗಳನ್ನು ಬೆರಳಿನಿಂದ ಹಿಸುಕಿ ಮುಚ್ಚಿದಾಗ ಐಡ್ಲಿಂಗ್ ಬದಲಾದರೆ ಸೋರಿಕೆ ಅಲ್ಲೇ.

ಪ್ರಶ್ನೆ: ಎಥೆನಾಲ್ ಬೆರೆತ ಪೆಟ್ರೋಲಿನಿಂದಲೂ ಮಿಸ್ಸಿಂಗ್ ಬರುತ್ತದೆಯೇ?
– ಓದುಗರು, ಮಡಿಕೇರಿ

ಉತ್ತರ: ಬರಬಹುದು. ಶೇ 20 ಎಥೆನಾಲ್ ಇರುವ ಪೆಟ್ರೋಲಿಗೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ, ಅಂದರೆ ಜೆಟ್ಟಿನ, ಹಳೆಯ ಅಳತೆಯಲ್ಲಿ ಮಿಕ್ಸ್‌ಚರ್ ತೆಳುವಾಗುತ್ತದೆ. ಹಳೆಯ ಟ್ಯಾಂಕಿನ ಗೋಂದನ್ನೂ ಅದು ಬಿಡಿಸಿ ಫಿಲ್ಟರಿಗೆ ತರುತ್ತದೆ. ಫಿಲ್ಟರ್ ಬೇಗ ಬೇಗ ಬದಲಿಸಿ. ಪೆಟ್ರೋಲ್ ಪೈಪನ್ನೂ ಪಂಪಿನ ಡಯಾಫ್ರಮ್ಮನ್ನೂ ಎಥೆನಾಲ್ ತಡೆಯುವಂಥವನ್ನೇ ಕೇಳಿ ಹಾಕಿಸಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಕಾರ್ಬೊರೇಟರಿನ ಬೌಲ್ ಖಾಲಿ ಮಾಡಿಯೇ ನಿಲ್ಲಿಸಿ. ಎಥೆನಾಲ್ ತೇವ ಹೀರುತ್ತದೆ, ನೀರು ಬೇರ್ಪಟ್ಟು ತಳಕ್ಕೆ ಕೂತರೆ ಬೌಲೂ ಜೆಟ್ಟೂ ತುಕ್ಕು, ಪಾಚಿ ಬಣ್ಣದ ಪುಡಿಯಿಂದ ಕಟ್ಟಿಕೊಳ್ಳುತ್ತವೆ.