ಹಳೆಯ ಬಡ್ಡಿಗೆ ಗಡುವು ಎಷ್ಟು?

(ರಾಜಾಜಿನಗರದ ಓದುಗರೊಬ್ಬರ ಪತ್ರದ ಸಾರ: ಮನೆಯ ಕ್ರಯಪತ್ರವನ್ನು ಬ್ಯಾಂಕಿನಲ್ಲಿಟ್ಟು ಅಂಗಡಿಗಾಗಿ ಸಾಲ ಪಡೆದಿದ್ದೆ. 2014ರ ಆಗಸ್ಟ್ ನಂತರ ಕಂತು ಕಟ್ಟಿಲ್ಲ. ಈಗ ಅಸಲಿಗಿಂತ ಹೆಚ್ಚು ಬಡ್ಡಿ ಹಾಕಿ ನೋಟಿಸ್ ಬಂದಿದೆ. ಆರು ವರ್ಷಕ್ಕಿಂತ ಹಳೆಯ ಬಡ್ಡಿಯನ್ನು ಕೇಳುವಂತಿಲ್ಲ ಎಂದು ಲಂಡನ್‌ನಲ್ಲಿರುವ ಮಗ ಹೇಳುತ್ತಾನೆ. ಮೂರೇ ವರ್ಷ ಎನ್ನುತ್ತಾರೆ ಪಕ್ಕದ ಮನೆಯವರು. ಯಾವುದು ಸರಿ? ಸದ್ಯಕ್ಕೆ ಐದು ಸಾವಿರ ಕಟ್ಟಿ ಸಮಾಧಾನ ಮಾಡಲೇ?)

ಆ ಐದು ಸಾವಿರವನ್ನು ಸದ್ಯ ಕಟ್ಟಬೇಡಿ. ಕಾರಣ ಮುಂದೆ ಹೇಳುತ್ತೇನೆ.

ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ, ಆದರೆ ಅದು ಅವರಿರುವ ಊರಿನ ಕಾನೂನು. ಇಂಗ್ಲೆಂಡಿನ 1980ರ ಕಾಯ್ದೆಯಲ್ಲಿ ಅಡಮಾನದ ಅಸಲಿಗೆ 12 ವರ್ಷ, ಬಡ್ಡಿ ಬಾಕಿಗೆ 6 ವರ್ಷ. ರಾಜಾಜಿನಗರದ ಮನೆಗೆ ಅನ್ವಯಿಸುವುದು ನಮ್ಮ 1963ರ ಕಾಲಮಿತಿ ಕಾಯ್ದೆ. ಪಕ್ಕದ ಮನೆಯವರ ಮೂರು ವರ್ಷವೂ ಅದರಲ್ಲಿದೆ. ಅದು ಭದ್ರತೆಯಿಲ್ಲದ ಕೈಸಾಲದ ಬಡ್ಡಿಗೆ. ಆಸ್ತಿ ಒತ್ತೆಯಿಟ್ಟ ಹಣದ ವಸೂಲಿಗೆ ಅದೇ ಕಾಯ್ದೆಯ 62ನೇ ಅನುಚ್ಛೇದ 12 ವರ್ಷ ಕೊಡುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆ ‘ಅಡಮಾನದ ಹಣ’ ಎನ್ನುವಾಗ ಅಸಲು, ಬಡ್ಡಿ ಎರಡನ್ನೂ ಸೇರಿಸಿಯೇ ಹೇಳುತ್ತದೆ. ಹಾಗಾಗಿ ಮನೆಯ ಮಟ್ಟಿಗೆ ಬಡ್ಡಿ ಅಸಲಿನ ಜೊತೆಗೇ ನಡೆಯುತ್ತದೆ. ನೋಂದಣಿಯಾಗಿಲ್ಲ, ಬರೀ ಪತ್ರ ಒಪ್ಪಿಸಿದ್ದು, ಹಾಗಾಗಿ ಇದು ಅಡಮಾನವೇ ಅಲ್ಲ ಎಂಬ ವಾದ ಬೆಂಗಳೂರಿನಲ್ಲಿ ಉಪಯೋಗಕ್ಕೆ ಬಾರದು.

ಮೂರು ವರ್ಷದ ಮಾತು ನಿಮಗೆ ನೆರವಾಗುವುದು ಬೇರೆ ಕಡೆ. ಮನೆ ಹರಾಜಾಗಿಯೂ ಸಾಲ ತೀರದಿದ್ದರೆ, ಉಳಿದ ಮೊತ್ತಕ್ಕೆ ನಿಮ್ಮ ಬೇರೆ ಆಸ್ತಿಯ ಮೇಲೆ ಕೈಹಾಕುವಾಗ ಆ ಗಡುವು ಅಡ್ಡ ಬರುತ್ತದೆ.

ಲೆಕ್ಕ ಎಲ್ಲಿಂದ ಶುರು? ಹಣ ಕೊಡಬೇಕಾಗಿ ಬಂದ ದಿನದಿಂದ. ಅದು ಕಂತಿನ ದಿನವೋ, ಪೂರ್ತಿ ಸಾಲವನ್ನು ಬ್ಯಾಂಕು ವಾಪಸು ಕೇಳಿದ ದಿನವೋ ಎಂಬುದು ಕರಾರಿನಲ್ಲಿರುತ್ತದೆ. 2014ರ ಆಗಸ್ಟೇ ಎಂದುಕೊಂಡರೂ 2026ಕ್ಕೆ ಮುಗಿಯುವುದಿಲ್ಲ. ಕೋವಿಡ್ ಕಾಲದ 15-3-2020ರಿಂದ 28-2-2022ರವರೆಗಿನ ಅವಧಿಯನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಸುಪ್ರೀಂ ಕೋರ್ಟ್ ಆದೇಶಿಸಿದೆ. ಗಡುವು 2028ರ ಮಧ್ಯದವರೆಗೆ ಹೋಗುತ್ತದೆ. ಕೋರ್ಟಿಗೆ ಹೋಗದೆ ನೇರ ಜಪ್ತಿಗೆ ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಗೂ ಇದೇ ಮಿತಿ. ಅದರ 36ನೇ ಕಲಮು ನೋಡಿ.

ಇನ್ನು ಆ ಐದು ಸಾವಿರ. ಗಡುವಿನೊಳಗೆ ಸಾಲದ ಅಥವಾ ಬಡ್ಡಿಯ ಬಾಬ್ತು ಹಣ ಕಟ್ಟಿ, ಅದಕ್ಕೆ ನಿಮ್ಮ ಬರಹವೋ ಸಹಿಯೋ ಇದ್ದರೆ ಅಂದಿನಿಂದ ಹೊಸ 12 ವರ್ಷ. ನಿಮ್ಮದೇ ಚೆಕ್ಕಿನ ಮೇಲಿನ ಸಹಿಯೂ ಸಾಕಾಗಬಹುದು. ವರ್ಷಕ್ಕೊಮ್ಮೆ ‘ಬಾಕಿ ಸರಿಯಿದೆ, ಇಲ್ಲಿ ಸಹಿ ಮಾಡಿ’ ಎಂದು ಬರುವ ಹಾಳೆ ನೆನಪಿದೆಯೇ? ಅದನ್ನು ನಮ್ಮಲ್ಲಿ ಓದುವವರು ಕಡಿಮೆ, ಸಹಿ ಹಾಕುವವರು ಹೆಚ್ಚು. 2014ರ ನಂತರ ಅಂಥದ್ದಕ್ಕೆ ಸಹಿ ಹಾಕಿದ್ದರೆ ಮೇಲಿನ ಲೆಕ್ಕವೆಲ್ಲ ಮತ್ತೆ ಮುಂದಕ್ಕೆ. ವಕೀಲರ ಬಳಿ ಹೋಗುವಾಗ ಆ ಪ್ರತಿಗಳನ್ನೇ ಮೊದಲು ಹುಡುಕಿಕೊಳ್ಳಿ.

ಗಡುವು ದಾಟಿದರೂ ಸಾಲ ಸತ್ತುಹೋಗುವುದಿಲ್ಲ, ವಸೂಲಿಯ ದಾರಿಯಷ್ಟೇ ಮುಚ್ಚುತ್ತದೆ. ಬ್ಯಾಂಕು ಕ್ರಯಪತ್ರವನ್ನು ತಾನಾಗಿ ತಂದುಕೊಡುತ್ತದೆಂದು ಕಾಯಬೇಡಿ. ಬಡ್ಡಿಯ ದರ, ಸುಸ್ತಿಬಡ್ಡಿಯ ಲೆಕ್ಕ ತಪ್ಪಾಗಿದ್ದರೆ ಅದು ಬೇರೆಯೇ ತಕರಾರು. ನನಗೆ ಕೇಳಿದರೆ ನಿಮ್ಮ ನಿಜವಾದ ಬಲ ಅಲ್ಲಿದೆ. ಖಾತೆಯ ಪೂರ್ತಿ ವಿವರ ಬರೆದು ಕೇಳಿ.

ನೋಟಿಸು ಸರ್ಫೇಸಿಯ 13(2)ರ ಅಡಿ ಬಂದಿದ್ದರೆ 60 ದಿನಗಳ ಸಮಯವಿದೆ. ಅಷ್ಟರೊಳಗೆ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನಗಳಲ್ಲಿ ಉತ್ತರಿಸಬೇಕು. ಅದನ್ನು ನೀವೇ ಬರೆಯಬೇಡಿ, ವಕೀಲರಿಂದ ಬರೆಸಿ. ‘ಸಾಲ ಇರುವುದು ನಿಜ, ಆದರೆ ಕೊಡಲಾರೆ’ ಎಂದು ಕೋಪದಲ್ಲಿ ಬರೆದು ಸಹಿ ಹಾಕಿದರೂ, ಕಾಲಮಿತಿ ಕಾಯ್ದೆಯ 18ನೇ ಕಲಮಿನ ಪ್ರಕಾರ ಅದು ಸಾಲದ ಒಪ್ಪಿಗೆಯೇ.

— ಸಂ.