ಲೋಡ್ ಇರುವ ಲಾರಿ ಘಾಟಿಯಲ್ಲಿ ಓಡುವುದೇಕೆ?

ಪ್ರಶ್ನೆ: ಶಿರಾಡಿ ಘಾಟಿಯಲ್ಲಿ ಖಾಲಿ ಲಾರಿಯನ್ನು ಮೂರನೇ ಗೇರಿನಲ್ಲಿ ಇಳಿಸಿದರೆ ಬ್ರೇಕಿಗೆ ಹೆಚ್ಚು ಕೆಲಸವಿರುವುದಿಲ್ಲ. ಲೋಡ್ ಇದ್ದರೆ ಅದೇ ಗೇರಿನಲ್ಲಿ ಗಾಡಿ ಹಿಡಿತಕ್ಕೆ ಸಿಗುವುದಿಲ್ಲ. ಆದರೆ ಭಾರದ ವಸ್ತುವೂ ಹಗುರ ವಸ್ತುವೂ ಒಂದೇ ವೇಗದಲ್ಲಿ ಬೀಳುತ್ತವೆ ಎಂದು ಮಗಳ ಪಾಠಪುಸ್ತಕದಲ್ಲಿದೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಬೀಳುವ ವಸ್ತುವಿನ ದ್ರವ್ಯರಾಶಿ ಎಷ್ಟು ಹೆಚ್ಚೋ ಅದನ್ನು ಭೂಮಿ ಸೆಳೆಯುವ ಬಲವೂ ಅಷ್ಟೇ ಹೆಚ್ಚು. ಆ ದ್ರವ್ಯರಾಶಿಯನ್ನು ಚಲಿಸುವಂತೆ ಮಾಡಲು ಬೇಕಾದ ಬಲವೂ ಅದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ಲೆಕ್ಕ ಸರಿಹೋಗುತ್ತದೆ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆಯನ್ನೂ ಗರಿಯನ್ನೂ ಒಟ್ಟಿಗೆ ಕೈಬಿಟ್ಟಾಗ ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಆದರೆ ನಿಮ್ಮ ಲಾರಿ ಸುಮ್ಮನೆ ಬೀಳುತ್ತಿಲ್ಲ, ಅದನ್ನು ನೀವು ತಡೆದು ಹಿಡಿಯುತ್ತಿದ್ದೀರಿ. ಪಾಠ ಹೇಳದೆ ಬಿಡುವುದು ಈ ತಡೆಯ ವಿಷಯವನ್ನು.

ಖಾಲಿ ಲಾರಿ 9 ಟನ್, ಲೋಡ್ ಸೇರಿ 27 ಟನ್ ಎಂದಿಟ್ಟುಕೊಳ್ಳಿ. ನೂರು ಮೀಟರಿಗೆ ಐದು ಮೀಟರ್ ಇಳಿಯುವ ರಸ್ತೆಯಲ್ಲಿ ಖಾಲಿ ಗಾಡಿಯನ್ನು ಸುಮಾರು 450 ಕೆ.ಜಿ. ತೂಕದಷ್ಟು ಬಲ ಕೆಳಕ್ಕೆ ಎಳೆದರೆ, ತುಂಬಿದ ಗಾಡಿಯನ್ನು 1,350 ಕೆ.ಜಿ. ತೂಕದಷ್ಟು ಬಲ ಎಳೆಯುತ್ತದೆ. ಟಯರ್ ಉರುಳುವಿಕೆಯ ತಡೆ ತೂಕದೊಂದಿಗೆ ತಾನೂ ಹೆಚ್ಚುತ್ತದೆ, ನಿಜ. ಆದರೆ ಗಾಳಿಗೆ ಲಾರಿಯ ಎದುರು ಭಾಗದ ಅಗಲ ಎತ್ತರಗಳು ಲೆಕ್ಕಕ್ಕೆ ಬರುತ್ತವೆಯೇ ಹೊರತು ಒಳಗಿರುವ ಸಿಮೆಂಟ್ ಚೀಲಗಳಲ್ಲ. ಎಂಜಿನ್ನಿನ ತಡೆಯೂ ಹಾಗೆಯೇ: ಮೂರನೇ ಗೇರಿನಲ್ಲಿ ಅದು 400 ಕೆ.ಜಿ.ಯಷ್ಟು ಹಿಂದಕ್ಕೆ ಹಿಡಿಯುತ್ತದೆ ಎಂದಾದರೆ, ಗಾಡಿ ಖಾಲಿಯಿದ್ದರೂ ತುಂಬಿದ್ದರೂ ಹಿಡಿಯುವುದು ಅಷ್ಟೇ. ಖಾಲಿ ಲಾರಿಗೆ ಅದು ಸಾಕು. ತುಂಬಿದ ಲಾರಿಯಲ್ಲಿ ಟಯರಿನ ತಡೆಯನ್ನೂ ಕಳೆದ ಮೇಲೆ ಏಳುನೂರು ಕೆ.ಜಿ.ಗೂ ಹೆಚ್ಚಿನ ಎಳೆತ ಉಳಿಯುತ್ತದೆ. ಅದೆಲ್ಲ ಬ್ರೇಕಿನ ಪಾಲು.

ಬ್ರೇಕ್ ಆ ಎಳೆತವನ್ನು ಶಾಖವಾಗಿಸುತ್ತದೆ. 27 ಟನ್ ಗಾಡಿ 500 ಮೀಟರ್ ಎತ್ತರ ಇಳಿದಾಗ ಬಿಡುಗಡೆಯಾಗುವ ಶಕ್ತಿಯಿಂದ 200 ಲೀಟರಿನ ಎರಡು ಡ್ರಮ್ ತಣ್ಣೀರನ್ನು ಕುದಿಸಬಹುದು. ಇದರ ಬಹುಪಾಲು ಬ್ರೇಕ್ ಲೈನರುಗಳ (ಬ್ರೇಕ್ ಒತ್ತಿದಾಗ ಉಜ್ಜಿ ಚಕ್ರವನ್ನು ತಡೆಯುವ ಪಟ್ಟಿಗಳ) ಮೇಲೆ ಬಿದ್ದರೆ ಘಾಟಿ ಇಳಿದು ನಿಂತ ಲಾರಿಯ ಚಕ್ರಗಳಿಂದ ಸುಟ್ಟ ವಾಸನೆ ಬರುವುದರಲ್ಲಿ ಆಶ್ಚರ್ಯವಿಲ್ಲ. ಲೈನರ್ ಅತಿಯಾಗಿ ಕಾದಾಗ ಅದರ ಘರ್ಷಣೆ ಕುಸಿಯುತ್ತದೆ, ಲೈನರ್ ಉಜ್ಜುವ, ಚಕ್ರದ ಜೊತೆ ತಿರುಗುವ ಬ್ರೇಕ್ ಡ್ರಮ್ ಕಾದು ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಪೆಡಲ್ ಎಷ್ಟು ಒತ್ತಿದರೂ ಗಾಡಿ ಓಡುವುದು ಆಗಲೇ.

ಆದ್ದರಿಂದ ಲೋಡ್ ಇದ್ದಾಗ ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಬನ್ನಿ. ಚಕ್ರದ ಒಂದು ಸುತ್ತಿಗೆ ಎಂಜಿನ್ ಹೆಚ್ಚು ಸುತ್ತು ತಿರುಗಬೇಕಾಗುವುದರಿಂದ ಅದರ ಹಿಡಿತವೂ ಹೆಚ್ಚುತ್ತದೆ. ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆಯ ದಾರಿಯನ್ನು ಅಡ್ಡಗಟ್ಟಿ ಅದರ ತಡೆಯನ್ನು ಹೆಚ್ಚಿಸುವ ಸಾಧನ) ಇದ್ದರೆ ಅದನ್ನೂ ಬಳಸಿ. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಇಳಿಸುವವರಿದ್ದಾರೆ. ಇಂದಿನ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಡೀಸೆಲ್ ಪೂರೈಕೆಯೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಿರಲು ಅದು ಖರ್ಚಾಗುತ್ತಲೇ ಇರುತ್ತದೆ.